ಕಾರಣ ನಮೂದಿಸಿಲ್ಲ

ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿಗೆ ಅಣ್ಣನ ಆಶೀರ್ವಾದಗಳು.

ನೀನು ನವೆಂಬರಿನಲ್ಲಿ ಬರೆದ ಕಾಗದಕ್ಕೆ ಮಾರ್ಚಿನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯುವಷ್ಟು ಬೈದುಬಿಡು. ಬೈಯಲು ನಿನಗೆ ಹಕ್ಕಿದೆ, ಬೈಸಿಕೊಳ್ಳಲು ನನಗೆ ಅಭ್ಯಾಸವಿದೆ. ಆರೋಗ್ಯ ಕೆಟ್ಟಿತ್ತು ಎಂದು ಬರೆದುಬಿಡಬಹುದಿತ್ತು. ಕೆಟ್ಟಿರಲಿಲ್ಲ. ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಹಾಳೆಯನ್ನು ಮಡಿಸಿ ಎತ್ತಿಟ್ಟೆ.

ನಿನ್ನ ಅತ್ತಿಗೆಯ ಮೊಣಕಾಲು ನೋವು ಹಾಗೇ ಇದೆ. ಮೆಟ್ಟಿಲಿಳಿಯುವಾಗ ನನ್ನ ಹೆಗಲು ಹಿಡಿದುಕೊಳ್ಳುತ್ತಾಳೆ. “ಇಪ್ಪತ್ತೈದು ವರ್ಷಕ್ಕೆ ಇವತ್ತೊಂದಿನ ಉಪಯೋಗಕ್ಕೆ ಬಂದ್ರಿ” ಎಂದು ನಗುತ್ತಾಳೆ. ನನಗೆ ಇನ್ನು ಹದಿನೈದು ತಿಂಗಳ ನೌಕರಿ ಬಾಕಿ. ನಿನ್ನ ಶಾಲೆಯ ಪರೀಕ್ಷೆಗಳು ಹತ್ತಿರ ಬಂದಿರಬೇಕು. ಮಕ್ಕಳು ನಿನ್ನ ಬಲಗಡೆ ಬಂದು ನಿಂತು ಮಾತಾಡುವುದನ್ನು ತಾವಾಗಿಯೇ ಕಲಿತಿದ್ದಾರೆ ಎಂದು ಬರೆದಿದ್ದೆಯಲ್ಲ, ಅದನ್ನು ಅತ್ತಿಗೆಗೆ ಎರಡು ಸಲ ಓದಿ ಹೇಳಿದೆ. ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲವಾದ್ದರಿಂದ ನಾವಿಬ್ಬರೂ ಈ ಕಾಲದಲ್ಲೂ ಕಾಗದ ಬರೆಯುವವರಾಗಿ ಉಳಿದಿದ್ದೇವೆ. ಇವತ್ತು ಬರೆಯುವುದನ್ನು ಹೇಗೂ ಬಾಯಿಬಿಟ್ಟು ಹೇಳುವ ಶಕ್ತಿ ನನಗಿಲ್ಲ.

ನನ್ನ ಕೆಲಸ ಏನೆಂದು ನೀನು ಎಷ್ಟೋ ಸಲ ಕೇಳಿದ್ದೀ. “ಕಾಗದ ನೋಡೋದು ಕಣೆ” ಎಂದು ಹಾರಿಸಿಬಿಟ್ಟಿದ್ದೇನೆ. ಈ ಸಲ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನಮ್ಮ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ದಾಖಲೆ ಕೋಣೆ ಇದೆ. ಒಂದೇ ಕಿಟಕಿ, ಅದೂ ಸೂರಿನ ಹತ್ತಿರ. ಅದರಾಚೆ ಓಡಾಡುವವರ ಪಾದಗಳು ಮಾತ್ರ ಕಾಣುತ್ತವೆ. ಡಾಕ್ಟರುಗಳು ಬರೆದ ಚೀಟಿಗಳೆಲ್ಲ ಅಲ್ಲಿಗೆ ಬರುತ್ತವೆ. ನಾವು ಒಂದೊಂದನ್ನೂ ಓದಿ, ಆ ಕಾಯಿಲೆಗೆ ಪುಸ್ತಕದಲ್ಲಿರುವ ಸಂಖ್ಯೆಯನ್ನು ಹುಡುಕಿ ಹಾಕಬೇಕು. ಅದಕ್ಕೆ ಕೋಡ್ ಅನ್ನುತ್ತೇವೆ. ಕಿವಿಯಿಂದ ರಕ್ತ ಬಂದರೆ ಎಚ್ ತೊಂಬತ್ತೆರಡು ಪಾಯಿಂಟ್ ಎರಡು. ಅದರ ಮುಂದೆ ಇನ್ನೊಂದು ಅಂಕಿ: ಬಲಗಿವಿಯಾದರೆ ಒಂದು, ಎಡಗಿವಿಯಾದರೆ ಎರಡು, ಎರಡೂ ಆದರೆ ಮೂರು, ಯಾವ ಕಿವಿಯೆಂದು ಡಾಕ್ಟರು ಬರೆಯದಿದ್ದರೆ ಸೊನ್ನೆ. ಆದರೆ ರಕ್ತ ಬರುವುದು ಬರೀ ಲಕ್ಷಣ, ಕಾಯಿಲೆಯಲ್ಲ. ಕಿವಿಯ ತಮಟೆ ಹರಿದದ್ದೋ, ಒಳಗೆ ಹುಣ್ಣಾದದ್ದೋ, ಕಾರಣ ಬರೆದಿದ್ದರೆ ಅದಕ್ಕೆ ಕೋಡ್ ಹಾಕಬೇಕು. ಬರೆದಿಲ್ಲದಿದ್ದರೆ ಲಕ್ಷಣಕ್ಕೇ ಹಾಕಿ ಫೈಲು ಮುಚ್ಚಬೇಕು.

ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದಿದೆ. ಬರೆದಿರುವುದಕ್ಕಷ್ಟೇ ಕೋಡ್, ಊಹೆಗೆ ಇಲ್ಲ. ಡಾಕ್ಟರು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದರೆ, ಅದು ಬರೆದೇ ಇಲ್ಲವೆಂದು ಲೆಕ್ಕ. ತೀರಾ ಅನುಮಾನವಿದ್ದರೆ ಅವರಿಗೊಂದು ಪ್ರಶ್ನೆಚೀಟಿ ಕಳಿಸಬಹುದು. ಅದರಲ್ಲೂ ನಮ್ಮ ಬಾಯಿಂದ ಉತ್ತರ ಹೊರಡಬಾರದು. ‘ಕಾರಣ ಸ್ಪಷ್ಟಪಡಿಸಿ’ ಎಂದು ಕೇಳಬಹುದು, ‘ಯಾರಾದರೂ ಹೊಡೆದರೇ’ ಎಂದು ಕೇಳುವ ಹಾಗಿಲ್ಲ. ಈ ನಿಯಮ ನನಗೆ ಒಗ್ಗಿಹೋಗಿತ್ತು. ಸುಳ್ಳೇಕೆ, ಇಷ್ಟವೇ ಆಗಿತ್ತು. ಕಣ್ಣಿಗೆ ಕಂಡದ್ದನ್ನು ಕಾಣಲಿಲ್ಲವೆಂದು ಸಹಿ ಹಾಕಿ ಮನೆಗೆ ಹೋಗಿ ಊಟ ಮಾಡಬಹುದಿತ್ತು.

ಕಳೆದ ಜೂನಿನಲ್ಲಿ ಒಂದು ಚೀಟಿ ಬಂತು. ಮೂವತ್ತನಾಲ್ಕು ವರ್ಷದ ಹೆಂಗಸು, ಉದ್ಯೋಗ ಬಸ್ ಕಂಡಕ್ಟರ್. ಎಡಗಿವಿಯಿಂದ ರಕ್ತ. ಹತ್ತಿ ಕಡ್ಡಿ ಚುಚ್ಚಿಕೊಂಡೆನೆಂದು ರೋಗಿಯ ಹೇಳಿಕೆ. ರಕ್ತ ತುಂಬಿರುವುದರಿಂದ ತಮಟೆ ಕಾಣುತ್ತಿಲ್ಲ, ಒಂದು ವಾರ ಬಿಟ್ಟು ಬರಲಿ. ನಾನು ಎಡಗಿವಿಯ ಅಂಕಿ ಹಾಕಿದೆ. ಹೇಗಾಯಿತು ಎಂಬುದಕ್ಕೆ ಬೇರೆ ಕೋಡ್ ಉಂಟು. ಅಲ್ಲಿ ಆಕಸ್ಮಿಕ ಎಂದು ಹಾಕಿದೆ. ಅರ್ಧ ನಿಮಿಷದ ಕೆಲಸ.

ವಾರ ಬಿಟ್ಟು ಆಕೆ ಬರಲಿಲ್ಲ. ಆಗಸ್ಟಿನಲ್ಲಿ ಬಂದಳು. ಈ ಸಲ ಬಲಗಿವಿ. ಬಾಗಿಲು ಬಡಿಯಿತೆಂದು ಹೇಳಿಕೆ. ನೋಡಿದವರು ಬೇರೆ ಡಾಕ್ಟರು. ಸೆಪ್ಟೆಂಬರಿನಲ್ಲಿ ಮತ್ತೆ ಎಡಗಿವಿ, ಮತ್ತೆ ಹತ್ತಿ ಕಡ್ಡಿ. ಆ ದಿನ ನೋಡಿದವರು ನಮ್ಮ ಕಿವಿ ವಿಭಾಗಕ್ಕೆ ಹೊಸದಾಗಿ ಬಂದ ಲೇಡಿ ಡಾಕ್ಟರು. ಚೀಟಿಯ ಅಂಚಿನಲ್ಲಿ ಸಣ್ಣದಾಗಿ ‘ಪೆಟ್ಟು?’ ಎಂದು ಬರೆದಿದ್ದರು.

ಮೂವರು ಡಾಕ್ಟರುಗಳು ಒಂದೊಂದು ಸಲ ನೋಡಿದ್ದರು. ಮೂರೂ ಸಲ ನೋಡಿದವನು ನಾನೊಬ್ಬನೇ, ಅದೂ ಕಾಗದದ ಮೇಲೆ. ಗುಬ್ಬಿ, ಆ ದಿನ ನನಗೆ ಏನಾಯಿತೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಕಿವಿಯಿಂದ ಇಳಿದ ರಕ್ತ ರವಿಕೆಯ ಹೆಗಲಿನ ಮೇಲೆ ಒಣಗಿದರೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂದು ನನಗೆ ಪುಸ್ತಕ ಹೇಳಿಕೊಡಬೇಕಾಗಿರಲಿಲ್ಲ. ಪ್ರಶ್ನೆಚೀಟಿ ಬರೆದೆ: ‘ಅಂಚಿನಲ್ಲಿರುವ ಪ್ರಶ್ನಾರ್ಥಕದ ಅರ್ಥ ಸ್ಪಷ್ಟಪಡಿಸಿ.’ ಎರಡು ದಿನಕ್ಕೆ ಉತ್ತರ ಬಂತು. ಒಂದೇ ಪದ. ‘ಖಚಿತವಿಲ್ಲ.’

ನಮ್ಮ ಮೇಲ್ವಿಚಾರಕಿಗೆ ತೋರಿಸಿದೆ. ಒಳ್ಳೆಯ ಹೆಂಗಸು, ನಿಯಮದ ಪುಸ್ತಕ ಬಾಯಿಪಾಠ. “ಖಚಿತ ಇಲ್ಲ ಅಂದ್ಮೇಲೆ ಮುಗೀತಲ್ಲ. ಲಕ್ಷಣಕ್ಕೆ ಕೋಡ್ ಹಾಕಿ, ಮುಚ್ಚಿ. ನಿಮಗ್ಯಾಕೆ ಇಲ್ಲದ ಉಸಾಬರಿ?” ಎಂದರು. ಮುಚ್ಚಿದೆ.

ಅದಾದ ಮಾರನೆಯ ದಿನವೇ ಆಕೆಯನ್ನು ಕಂಡೆ. ಬೆಳಗಿನ ಬಸ್ಸಿನಲ್ಲಿ, ಎಂದಿನಂತೆ ಕಂಬಿ ಹಿಡಿದು ನಿಂತಿದ್ದೆ. ಹೊಸ ಕಂಡಕ್ಟರಮ್ಮ. ಎಡಗಿವಿಯಲ್ಲಿ ಹತ್ತಿ, ಎದೆಯ ಮೇಲಿನ ಬಿಲ್ಲೆಯಲ್ಲಿ ಚೀಟಿಯಲ್ಲಿ ಓದಿದ ಅದೇ ಹೆಸರು. ಹಿಂದಿನ ಸೀಟಿನಿಂದ ಯಾರೋ “ಇಳೀಬೇಕು, ಇಳೀಬೇಕು” ಎಂದು ಕೂಗುತ್ತಿದ್ದರು. ಆಕೆಗೆ ಕೇಳಿಸಲಿಲ್ಲ, ಗಂಟೆ ಬಾರಿಸಲಿಲ್ಲ, ಬಸ್ಸು ನಿಲ್ದಾಣ ದಾಟಿಹೋಯಿತು.

“ಏನಮ್ಮಾ, ಕಿವುಡಾ?” ಎಂದು ಆ ಮನುಷ್ಯ ಮೇಲೆ ಬಿದ್ದ.

“ಹೌದು ಸ್ವಾಮಿ. ನಿಮ್ಮಂಥೋರ ಬಾಯಿ ಕೇಳಿ ಕೇಳಿ ಕಿವಿ ರಾಜೀನಾಮೆ ಕೊಟ್ಟು ಹೋಗಿದೆ” ಎಂದಳು.

ಬಸ್ಸೆಲ್ಲ ನಕ್ಕಿತು. ಬೈದವನೂ ನಕ್ಕ. ಆಕೆ ತಿರುಗಿ ನಿಂತು ಕಿವಿಯ ಹತ್ತಿಯನ್ನು ಬೆರಳಿನಿಂದ ಒತ್ತಿಕೊಂಡು, ಬೆರಳನ್ನು ನೋಡಿಕೊಂಡಳು.

ಹತ್ತು ದಿನ ಅದೇ ಬಸ್ಸಿನಲ್ಲಿ ಹೋದೆ. ನಾನು ಆಕೆಯೊಂದಿಗೆ ಮಾತಾಡುವ ಹಾಗಿರಲಿಲ್ಲ. ಚೀಟಿಯಲ್ಲಿ ಓದಿದ್ದು ಕೋಣೆಯಿಂದ ಹೊರಗೆ ಬರಬಾರದೆಂದು ಸೇರುವಾಗಲೇ ಬರೆಸಿಕೊಂಡಿರುತ್ತಾರೆ. ಹನ್ನೊಂದನೆಯ ದಿನ ತಡೆಯಲಾಗಲಿಲ್ಲ. ಇಳಿಯುವ ಬಾಗಿಲಲ್ಲಿ ನಿಂತು, ಆಕೆಯ ಬಲಗಿವಿಯ ಹತ್ತಿರ ಬಾಗಿ, “ಕಿವಿ ಹೇಗಿದೆಯಮ್ಮ? ಅದು ಹತ್ತಿ ಕಡ್ಡಿ ಅಲ್ಲ ಅಂತ ನನಗೆ ಅನ್ಸತ್ತೆ” ಎಂದೆ.

ಒಬ್ಬರ ಮುಖದಿಂದ ಜೀವ ಇಳಿದುಹೋಗುವುದನ್ನು ಅಷ್ಟು ಹತ್ತಿರದಿಂದ ನೋಡಬಾರದು.

“ಯಾರ್ರೀ ನೀವು? ನಿಮಗ್ಯಾರು ಹೇಳಿದ್ದು? ನಮ್ಮೆಜಮಾನ್ರ ಕಡೆಯೋರಾ?”

“ಇಲ್ಲಮ್ಮ, ನಾನು ಆಸ್ಪತ್ರೆಯಲ್ಲಿ...”

“ನಿಮ್ಮ ಸ್ಟಾಪ್ ಬಂತು. ಇಳೀರಿ.”

ಇಳಿದೆ. ಮರುದಿನ ಆ ಬಸ್ಸಿನಲ್ಲಿ ಬೇರೆ ಕಂಡಕ್ಟರಿದ್ದ. ವಿಚಾರಿಸಿದರೆ, ಆಕೆ ಕೇಳಿಕೊಂಡು ಬೇರೆ ಮಾರ್ಗಕ್ಕೆ ಹೋದಳೆಂದ. ಆಮೇಲೆ ಐದು ವಾರ ಆಕೆಯ ಹೆಸರಿನ ಚೀಟಿಯೂ ಬರಲಿಲ್ಲ. ವಾಸಿಯಾಗಿರಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಎಷ್ಟು ಸಲೀಸಾಯಿತು ನೋಡು.

ನವೆಂಬರ್ ಮೂರನೆಯ ವಾರ, ನಿನ್ನ ಕಾಗದ ಬಂದ ದಿನವೇ, ವಾರ್ಡಿನ ಫೈಲುಗಳಲ್ಲಿ ಆಕೆಯದು ಬಂತು. ತಲೆಬುರುಡೆಯ ತಳದಲ್ಲಿ ಬಿರುಕು. ಎರಡೂ ಕಿವಿಗಳಿಂದ ರಕ್ತ, ರಕ್ತದ ಜೊತೆ ತಿಳಿನೀರಿನಂಥದ್ದು. ಮೆಟ್ಟಿಲಿನಿಂದ ಬಿದ್ದದ್ದೆಂದು ಗಂಡನ ಹೇಳಿಕೆ. ರೋಗಿಗೆ ಮಾತಾಡುವಷ್ಟು ಪ್ರಜ್ಞೆ ಇಲ್ಲ. ಕಾರಣದ ಜಾಗದಲ್ಲಿ ‘ಬಿದ್ದದ್ದು’.

ನಾನು ಕಪಾಟಿನಿಂದ ಹಳೆಯ ಮೂರು ಚೀಟಿಗಳನ್ನೂ ತೆಗೆದೆ. “ಮುಗಿದ ಫೈಲು ಯಾಕೆ ತೆಗೀತಿದ್ದೀರಿ?” ಎಂದು ಮೇಲ್ವಿಚಾರಕಿ ಕೇಳಿದರು. ಉತ್ತರ ಕೊಡಲಿಲ್ಲ. ಇಷ್ಟು ವರ್ಷಗಳಲ್ಲಿ ಅವರ ಮಾತಿಗೆ ಉತ್ತರ ಕೊಡದೆ ಇದ್ದದ್ದು ಅದೇ ಮೊದಲು. ನಾಲ್ಕನ್ನೂ ಒಂದೇ ದಾರದಲ್ಲಿ ಕಟ್ಟಿ, ಮೇಲೆ ಪ್ರಶ್ನೆಚೀಟಿ ಇಟ್ಟೆ. ಆಗಲೂ ನಿಯಮ ಮೀರಲಿಲ್ಲ: ‘ನಾಲ್ಕೂ ಒಬ್ಬರೇ ರೋಗಿಯವು. ರಕ್ತಸ್ರಾವದ ಕಾರಣ ದಾಖಲಿಸಿ.’ ಜವಾನನ ಕೈಗೆ ಕೊಡದೆ ನಾನೇ ಹೋಗಿ ಲೇಡಿ ಡಾಕ್ಟರ ಮೇಜಿನ ಮೇಲಿಟ್ಟು ಬಂದೆ.

ಒಂದು ಗಂಟೆಯೊಳಗೆ ಅವರೇ ಕೆಳಗಿಳಿದು ಬಂದರು. ನಮ್ಮ ಕೋಣೆಗೆ ಡಾಕ್ಟರುಗಳು ಬರುವುದಿಲ್ಲ ಗುಬ್ಬಿ, ಅವರಿಗೆ ದಾರಿಯೂ ಗೊತ್ತಿಲ್ಲ. ಮೇಲಿನ ಫೈಲು ತೆಗೆಯಲು ಇಟ್ಟಿದ್ದ ಏಣಿಯ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟರು.

“ಈ ಮೂರೂ ಇವರದ್ದೇ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಪೆಟ್ಟು ಅಂತ ಬರೆದೋಳು ನಾನೇ.”

“ಖಚಿತವಿಲ್ಲ ಅಂತ ಉತ್ತರ ಬಂದಿತ್ತು, ಮೇಡಂ.”

“ಗಂಡ ಬಾಗಿಲಲ್ಲೇ ನಿಂತಿದ್ದ. ಆಚೆ ನಲವತ್ತು ಜನ ಕಾಯ್ತಿದ್ರು. ಅವನನ್ನ ಒಂದ್ನಿಮಿಷ ಹೊರಗೆ ಕಳಿಸಿ ಕೇಳಿದ್ರೆ ಆಗ್ತಿತ್ತು. ಕೇಳ್ಲಿಲ್ಲ.” ಸೆಪ್ಟೆಂಬರಿನ ಚೀಟಿಯನ್ನು ಮೇಲೆ ತೆಗೆದಿಟ್ಟು, “ಹಳೇ ಚೀಟಿ ತಿದ್ದಬಹುದಾ?” ಎಂದರು.

“ತಿದ್ದೋ ಹಾಗಿಲ್ಲ ಮೇಡಂ. ಇವತ್ತಿನ ತಾರೀಖು ಹಾಕಿ ಕೆಳಗೆ ಸೇರಿಸಬಹುದು ಅಷ್ಟೆ.”

“ಇವತ್ತಿನ ತಾರೀಖಾ” ಎಂದು ಅವರು ನಕ್ಕದ್ದು ನಗುವಾಗಿರಲಿಲ್ಲ.

ಒಂಬತ್ತನೆಯ ದಿನ ಆಕೆಗೆ ಪೂರ್ತಿ ಎಚ್ಚರವಾಯಿತು. ಎರಡೂ ಕಿವಿ ಹೋಗಿದ್ದವು. ಡಾಕ್ಟರು ಗಂಡನನ್ನು ಯಾವುದೋ ಔಷಧಿ ತರಲು ಕಳಿಸಿ, ಒಂದು ಹಾಳೆಯ ಮೇಲೆ ‘ಯಾರು?’ ಎಂದಷ್ಟೇ ಬರೆದು ತೋರಿಸಿದರಂತೆ. ಆಕೆ ಬಾಗಿಲ ಕಡೆಗೊಮ್ಮೆ ನೋಡಿ, ‘ನಮ್ಮ ಯಜಮಾನರು. ಒಂಬತ್ತು ವರ್ಷದಿಂದ’ ಎಂದು ಬರೆದಳಂತೆ. ಮತ್ತೆ ಯಾಕೆ ತೋರಿಸಿಕೊಳ್ಳಲು ಬರಲಿಲ್ಲ ಎಂದು ಕೇಳಿದ್ದಕ್ಕೆ, ‘ಆಸ್ಪತ್ರೆಯಲ್ಲಿ ಯಾರಿಗೋ ವಿಷಯ ಗೊತ್ತಾಗಿತ್ತು. ಮನೆಗೆ ಸುದ್ದಿ ಮುಟ್ಟುತ್ತದೆ ಎಂದು ಹೆದರಿದೆ’ ಎಂದು ಬರೆದಳು. ಡಾಕ್ಟರು ಅದನ್ನೂ ಹಾಗಾಗೇ ದಾಖಲಿಸಿದರು. ಆ ಹಾಳೆ ನನ್ನ ಮೇಜಿಗೇ ಬಂತು. ಓದಿ ಕೋಡ್ ಹಾಕಬೇಕಾದವನು ನಾನೇ ತಾನೆ.

ಪೊಲೀಸರು ಗಂಡನನ್ನು ಕರೆದುಕೊಂಡು ಹೋದರು. ನಾನು ಎರಡು ದಿನ ಹಿಂದೆಮುಂದೆ ನೋಡಿ, ಮೂರನೆಯ ದಿನ ಮಧ್ಯಾಹ್ನ ವಾರ್ಡಿಗೆ ಹೋದೆ. ಆಕೆಯ ಅಕ್ಕ ಪಕ್ಕದಲ್ಲಿ ಕೂತು ಹಣ್ಣು ಹೆಚ್ಚುತ್ತಿದ್ದರು. ಕಂಡಕ್ಟರಮ್ಮನ ತಲೆಗೆ ಬಟ್ಟೆ ಸುತ್ತಿತ್ತು. ನನ್ನ ಮುಖ ನೋಡಿದ ಕೂಡಲೇ ಗುರುತು ಹಿಡಿದಳು. ಹಾಸಿಗೆಯ ಮೇಲೆ ಒಂದು ನೋಟ್‌ಬುಕ್ಕಿತ್ತು, ಅದರಲ್ಲಿ ಬರೆದೆ: ‘ನಾನು ದಾಖಲೆ ಕೋಣೆಯವನು. ನಿಮ್ಮ ಮೂರೂ ಚೀಟಿಗಳನ್ನು ನಾನು ಓದಿದ್ದೆ.’

ಆಕೆ ಬಹಳ ಹೊತ್ತು ಅದನ್ನೇ ನೋಡಿದಳು. ಪೆನ್ನು ಕೇಳಿ ತೆಗೆದುಕೊಂಡು ಕೆಳಗೆ ಬರೆದಳು.

‘ಓದಿ ಏನು ಮಾಡಿದಿರಿ?’

ಬಸ್ಸಿನಲ್ಲಿ ಜಗಳ ಆಡುವವಳ ಕೈಬರಹ ಅಷ್ಟು ದುಂಡಗೆ ಇರುತ್ತದೆಂದು ನಾನು ಎಣಿಸಿರಲಿಲ್ಲ. ಉತ್ತರ ಬರೆಯಲು ಪೆನ್ನು ಹಿಡಿದೆ. ಏನು ಬರೆಯಲಿ? ನಿಯಮ ಹೀಗಿದೆಯಮ್ಮ ಎಂದೇ? ಆಕೆಯ ಅಕ್ಕ ನಮ್ಮಿಬ್ಬರ ಮುಖವನ್ನೂ ನೋಡಿ, “ಪರವಾಗಿಲ್ಲ ಬಿಡಿ ಅಣ್ಣಾವ್ರೆ, ನೋಡೋಕೆ ಬಂದ್ರಲ್ಲ, ಅದೇ ದೊಡ್ಡದು” ಎಂದು ಒಂದು ಹೋಳು ಹಣ್ಣು ಕೈಗಿಟ್ಟರು. ಅದನ್ನು ಹಿಡಿದುಕೊಂಡೇ ಮೆಟ್ಟಿಲಿಳಿದು ಬಂದೆ.

ಈಗ ಆಕೆ ಅಕ್ಕನ ಮನೆಯಲ್ಲಿದ್ದಾಳೆ. ಕೇಳಿಸದವರು ಬಸ್ಸಿನಲ್ಲಿ ಕೆಲಸ ಮಾಡುವಂತಿಲ್ಲ. ಡಿಪೋದಲ್ಲಿ ಟಿಕೆಟ್ ಕಟ್ಟುಗಳನ್ನು ಜೋಡಿಸುವ ಕೋಣೆಗೆ ಹಾಕುತ್ತಾರಂತೆ. ಕೇಸು ನಡೆಯುತ್ತಿದೆ. ಹೋದ ತಿಂಗಳು ದಾಖಲೆ ಹಿಡಿದುಕೊಂಡು ನಾನೇ ಕೋರ್ಟಿಗೆ ಹೋಗಬೇಕಾಯಿತು. ಗಂಡನ ಕಡೆಯ ವಕೀಲರು ಹಳೆಯ ಮೂರು ಚೀಟಿಗಳನ್ನು ಒಂದೊಂದಾಗಿ ಎತ್ತಿ ಹಿಡಿದರು. ಹತ್ತಿ ಕಡ್ಡಿ. ಬಾಗಿಲು. ಹತ್ತಿ ಕಡ್ಡಿ.

“ಮೂರೂ ಸಲ ಆಕಸ್ಮಿಕ ಅಂತ ಕೋಡ್ ಹಾಕಿರೋರು ಯಾರು?”

“ನಾನೇ, ಸ್ವಾಮಿ.”

“ಯಾರದ್ದಾದ್ರೂ ಬಲವಂತಕ್ಕೆ ಹಾಕಿದ್ರಾ?”

“ಇಲ್ಲ.”

“ಅಷ್ಟೇ, ಹೋಗಿ.”

ಆಕೆ ಎದುರಿಗೇ ಬೆಂಚಿನ ಮೇಲೆ ಕೂತಿದ್ದಳು. ನನ್ನ ಬಾಯಿ ಆಡುವುದು ಕಂಡಿತೇ ಹೊರತು ಏನು ಹೇಳಿದೆನೆಂದು ಕೇಳಿಸಲಿಲ್ಲ. ಆ ಹೊತ್ತಿಗೆ ನನಗೆ ಅದರಿಂದ ಸಮಾಧಾನವಾಯಿತು. ಇಂಥ ಮನುಷ್ಯ ನಿನ್ನ ಅಣ್ಣ.

ಮುಂದಿನ ವಿಚಾರಣೆ ಏಪ್ರಿಲಿನಲ್ಲಿ. ಲೇಡಿ ಡಾಕ್ಟರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ‘ನಾನು ಕೇಳಬೇಕಾಗಿತ್ತು, ಕೇಳಲಿಲ್ಲ’ ಎಂದು ಹೇಳಿಯೇ ಬಿಡುತ್ತೇನೆ ಎನ್ನುತ್ತಾರೆ. ಅವರ ವಯಸ್ಸು ನನ್ನ ಅರ್ಧ.

ಇಷ್ಟು ಬರೆಯುವುದಕ್ಕೆ ನಾಲ್ಕು ತಿಂಗಳಾಯಿತು. ನಿನ್ನ ಆರೋಗ್ಯ ನೋಡಿಕೋ. ರಸ್ತೆ ದಾಟುವಾಗ ಎಡಕ್ಕೆ ಎರಡು ಸಲ ನೋಡು. ನಿನ್ನ ಶಾಲೆಯ ಮಕ್ಕಳು, ನಿನ್ನ ಮನೆ, ನೀನೇ ಕೂಡಿಸಿಕೊಂಡ ಬದುಕು, ಎಲ್ಲವೂ ಚೆನ್ನಾಗಿರಲಿ. ಅತ್ತಿಗೆ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ
ಅಣ್ಣ

ತಾ. ಕ.: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ.

ಇಪ್ಪತ್ತಾರು ವರ್ಷದ ಹಿಂದೆ ನೀನು ಕಿವಿಗೆ ಸೆರಗು ಒತ್ತಿಕೊಂಡು ನಮ್ಮ ಮನೆಗೆ ಬಂದಾಗ, ಅಮ್ಮ ನಿನ್ನನ್ನು ಹಿಂದಿನ ಕೋಣೆಯಲ್ಲಿಟ್ಟು, ಇಲ್ಲಿರುವುದು ಯಾರಿಗೂ ತಿಳಿಯಬಾರದು ಎಂದಿದ್ದರು. ಮೂರನೆಯ ದಿನ ನಿನ್ನ ಗಂಡ ನೆಟ್ಟಗೆ ಹಿಂಬಾಗಿಲಿಗೇ ಬಂದ. ಅವನ ಜೊತೆ ಹೊರಟವಳು ಬಾಗಿಲಲ್ಲಿ ಅಮ್ಮನ ಮುಖ ನೋಡಿದೆಯಲ್ಲ, ಆ ನೋಟ ಅಮ್ಮ ಸಾಯುವವರೆಗೂ ಮರೆಯಲಿಲ್ಲ. ಮೂರು ವರ್ಷ ಬಿಟ್ಟು ನೀನು ಅವನನ್ನು ಬಿಟ್ಟು ಬಂದೆ, ನಮ್ಮ ಮನೆಗೆ ಬರಲಿಲ್ಲ. ಅಮ್ಮನಿಗೆ ಒಂದು ಕಾಗದ ಬರೆಯಲಿಲ್ಲ. ಅವರ ಕೊನೆಗಾಲದಲ್ಲೂ ನೋಡಲು ಬರಲಿಲ್ಲ. ಹೆತ್ತವಳೇ ಹೇಳಿಕೊಟ್ಟಳೆಂದು ನೀನು ನಂಬಿದ್ದೆ.

ಅಮ್ಮ ಹೇಳಿಕೊಡಲಿಲ್ಲ. ನಾನು ಹೇಳಿದೆ. ಅವನು ನನ್ನ ಆಫೀಸಿಗೆ ಬಂದು ನನ್ನ ಕೈ ಹಿಡಿದುಕೊಂಡು ಅತ್ತ. ಅವನ ಅಳುವನ್ನು ನಂಬಿ ಹೇಳಿದೆನೆಂದರೆ ಸುಳ್ಳಾಗುತ್ತದೆ. ಆ ತಿಂಗಳು ನನ್ನ ಮದುವೆಯ ಮಾತುಕತೆ ನಡೆಯುತ್ತಿತ್ತು. ಗಂಡನನ್ನು ಬಿಟ್ಟ ತಂಗಿ ಮನೆಯಲ್ಲಿ ಕೂತಿದ್ದಾಳೆಂದರೆ ಸಂಬಂಧ ಮುರಿದೀತೆಂದು ಹೆದರಿದೆ. ನೀನು ಬಂದ ದಿನ ಆಸ್ಪತ್ರೆಯಲ್ಲಿ ತಲೆ ಸುತ್ತಿ ಮಲಗಿದ್ದಾಗ, ಹೇಗಾಯಿತೆಂದು ಡಾಕ್ಟರು ಕೇಳಿದ್ದಕ್ಕೆ ಬಚ್ಚಲಲ್ಲಿ ಜಾರಿದಳೆಂದು ಬರೆಸಿದವನೂ ನಾನೇ.

ನೀನು ಹೋದ ದಿನ ಸಂಜೆ ಅಮ್ಮನ ಎದುರು ಒಪ್ಪಿಕೊಂಡೆ. ನಿನಗೆ ಕಾಗದ ಬರೆದು ತಿಳಿಸುತ್ತೇನೆ ಎಂದೆ. ಅಮ್ಮ ಅನ್ನದ ಪಾತ್ರೆ ತಿಕ್ಕುತ್ತಿದ್ದರು, ತಲೆ ಎತ್ತಲಿಲ್ಲ. “ಬೇಡ. ನನ್ನ ಮೇಲೇ ಇರ್ಲಿ. ನಾನಿವತ್ತೋ ನಾಳೆಯೋ. ಅವಳಿಗೆ ತವರು ಅಂತ ಅಣ್ಣನಾದ್ರೂ ಉಳೀಲಿ” ಎಂದರು.

ನಾನು ಹೂಂ ಅಂದೆ.